ಎರಡು ನೀರಿನ ಬಾವಿ

ಬಾಟ್ಲಿಗೆ ಕಲ್ಲು ಕಟ್ಟಿ ಬಾವಿಗೆ ಇಳಿಸಿ, ತಳದಲ್ಲಿ ದಾರದಿಂದ ಬಿರಡೆ ಎಳೆದು ತುಂಬಿಸಿದ ನೀರು ನಾಲಿಗೆಗೆ ತಾಗಿದೊಡನೆ ಬಂದಗೀಸಾಬ ಮಾಸ್ತರರ ಮೈ ಜುಮ್ಮೆಂದಿತು. ಉಪ್ಪು! ಮೇಲಿನ ನೀರೋ ಸಿಹಿ. ಸಿಹಿನೀರು, ಉಪ್ಪುನೀರಿನ ನಡುವೆ, ಒಂದಕ್ಕೊಂದು ಬೆರೆಯದಂತೆ ದೇವರು ಇಟ್ಟ ತೆರೆಯ ಮಾತು ಕುರಾನಿನಲ್ಲಿದೆ. ವಿಜ್ಞಾನವೂ ಅದನ್ನೇ ಹೇಳುತ್ತದೆಂದು ಬರುವ ಶುಕ್ರವಾರ ಅಸಂಗಿ ಊರಿನ ಮಸೀದಿಯಲ್ಲಿ ಸಾರಲು, ವಿಜ್ಞಾನ ಕಲಿಸುವ ಮಾಸ್ತರರು ಒಪ್ಪಿಕೊಂಡಿದ್ದರು.

“ಆ ತೆರಿ ಖರೇನ ಗಟ್ಟಿ ಐತೇನು, ನೋಡೇಬಿಡ್ತೀನಿ ಕಾಕಾ,” ಎಂದು ಮಾಸ್ತರರು ಉದ್ದನೆಯ ಗಳದಿಂದ ನೀರನ್ನು ತಳಮಟ್ಟ ಕಲಕತೊಡಗಿದರು.

“ಬ್ಯಾಡೋ ಬಂದಗಿ!” ಮೆಟ್ಟಿಲ ಮೇಲೆ ಕೂತಿದ್ದ ಅವರ ಕಾಕಾ ಮುಲ್ಲಾ ಲಾಡ್ಲೇಸಾಬರು ಎದ್ದು ನಿಂತರು. “ಅಲ್ಲಾನ ಮಾತು ನಿನ್ನ ಸಾಕ್ಷಿ ಯಾವಾಗ ಕೇಳಿತ್ತು?”

ಸುಡುಬಿಸಿಲಲ್ಲೂ ಬಾವಿಯೊಳಗಿಂದ ತಣ್ಣನೆಯ ಗಾಳಿ ಮೇಲೆದ್ದಿತು. ಗೋಡೆಯ ಪೊಟರೆಗಳಲ್ಲಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಹಾರಿಹೋದವು. ಗಳ ಎತ್ತಿಟ್ಟ ಮೇಲೂ ನೀರು ತಾನೇ ತಾನಾಗಿ ಸುತ್ತುತ್ತಿತ್ತು, ನಿಲ್ಲುವ ಲಕ್ಷಣವೇ ಇರಲಿಲ್ಲ. ಮಾಸ್ತರರು ಮೇಲಿನ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಉಪ್ಪು. ಆಚೆ ಮೂಲೆಗೆ ಹೋಗಿ ಕುಡಿದರು. ಅಲ್ಲೂ ಉಪ್ಪೇ. ಇಡೀ ಓಣಿ ಕುಡಿಯುತ್ತಿದ್ದುದು ಈ ಬಾವಿಯ ನೀರನ್ನೇ.

ನೆರೆಮನೆಯ ಅಕ್ಕವ್ವ ಕೊಡ ಹೊತ್ತು ಮೆಟ್ಟಿಲಿಳಿದು ಬಂದಳು. “ಸ್ವಲ್ಪ ಸರೀರಿ ಮಾಸ್ತರ್ರ, ನೀರು ತುಂಬ್ಕೋತೀನಿ.”

ಮಾಸ್ತರರು ಸರಿಯಲಿಲ್ಲ. ಕಾಕಾನ ಕಡೆ ಒಮ್ಮೆ ನೋಡಿದರು.

“ತುಂಬಬ್ಯಾಡವ್ವಾ,” ಎಂದರು. “ನೀರು ನಾ ಕೆಡಿಸೀನಿ.”