ಹಲಗೆಯ ನಡುಕ

ಹಾಡಿನ ಕೊನೆಯ ಸಾಲು ಮುಗಿದು ಗಿಟಾರ್, ಡ್ರಮ್ ಎರಡೂ ನಿಂತವು. ತೇಲಾ ಎಂಬ ಊರಿನ ಆ ಪುಟ್ಟ ಚರ್ಚಿನಲ್ಲಿ ಪ್ರಾರ್ಥನೆಗೆ ಮೇಲೆತ್ತಿದ್ದ ಕೈಗಳೆಲ್ಲ ಕೆಳಗಿಳಿದವು. ಕಿವಿ ಕೇಳದ ಒಬ್ದೂಲಿಯಾ ಅಜ್ಜಿ ಮಾತ್ರ, ಹಲಗೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಆಗ ಕೈ ಎತ್ತಿದಳು.

“ಅಜ್ಜಿ ಬಸ್ಸು ಇವತ್ತೂ ಲೇಟು,” ಎಂದು ಡ್ರಮ್ ಬಾರಿಸುವ ವಿಲ್ಮರ್ ಕಿಸಕ್ಕನೆ ನಕ್ಕ.

ಹಾಡಿಸುತ್ತಿದ್ದ ಯಾದಿರಾಗೆ ನಗು ಬರಲಿಲ್ಲ. ಇಷ್ಟು ಹೊತ್ತು ಬಿಗಿದುಕೊಂಡಿದ್ದ ಅಜ್ಜಿಯ ಮುಖ ಈಗ ಯಾಕೆ ಹೀಗೆ ಅರಳಿತು? ಕುತೂಹಲ ತಡೆಯಲಾರದೆ ವೇದಿಕೆಯಿಳಿದು ಹೋಗಿ, ಅಜ್ಜಿಯ ಭುಜ ಮುಟ್ಟಿ, ಹಾಡು ಮುಗಿಯಿತೆಂದು ಕೈಸನ್ನೆ ಮಾಡಿದಳು.

“ಗೊತ್ತು ಕಣೇ ಮಗಳೇ!” ಅಜ್ಜಿಯ ದನಿ ಚರ್ಚಿಗೆಲ್ಲ ಕೇಳಿಸಿತು. “ಕಾಲಡಿ ಹಲಗೆ ನಡುಗೋದು ನಿಲ್ಲಲಿ ಅಂತಾನೇ ಕಾಯ್ತಿದ್ದೆ. ನಿಮ್ಮ ಗದ್ದಲದಲ್ಲಿ ದೇವರ ಹತ್ರ ಮಾತಾಡೋಕಾಗುತ್ತಾ?”

ವಿಲ್ಮರ್ ಮುಂದಿನ ಹಾಡಿಗೆ ಕೋಲೆತ್ತಿ ಯಾದಿರಾಳ ಸನ್ನೆಗೆ ಕಾದ. ಅವಳು ಸನ್ನೆ ಕೊಡದೆ ಮೈಕನ್ನು ಬೆಂಚಿನ ಮೇಲಿಟ್ಟು, ಅಜ್ಜಿಯ ಪಕ್ಕದಲ್ಲೇ ಬಗ್ಗಿ, ತನ್ನ ಚಪ್ಪಲಿಯ ಪಟ್ಟಿ ಬಿಚ್ಚತೊಡಗಿದಳು.