ಸೋಸಿದ ನೀರು

ಸೊಸೆ ಕೋಮಲ ಗಿಡದ ಬುಡಕ್ಕೆ ಕೈ ಹಾಕಿದ್ದೇ ತಡ, ಬಿಗೋನಿಯಾ ಬೇರನ್ನೆಲ್ಲ ಕುಂಡದಲ್ಲೇ ಬಿಟ್ಟು ಕೈಗೆ ಬಂದುಬಿಟ್ಟಿತು. ದಂಟು ಬೆಂದ ಬದನೆಕಾಯಿಯಂತೆ ಮೆತ್ತಗಾಗಿತ್ತು. ಬೆಳ್ಳಿ ಪಟ್ಟೆಯ ಒಂದೇ ಒಂದು ಎಲೆ ಮಾತ್ರ ಇನ್ನೂ ಸೆಟೆದು ನಿಂತಿತ್ತು.

"ನಾಕ ದಿನಕ್ಕೊಮ್ಮೆ ಒಂದ ಬಟ್ಟಲ ನೀರು, ಅಷ್ಟ ಹಾಕ್ತಿದ್ನೆಲ್ರಿ ಅತ್ತ್ಯಾರ. ಬುಡ ಹೆಂಗ ಕೊಳೀತ್ರಿ?"

ಹಿತ್ತಲ ಬಾಗಿಲಲ್ಲಿ ತಂಬಿಗೆ ಹಿಡಿದು ಬಂದಿದ್ದ ತಾರಾಬಾಯಿ ನಿಂತಲ್ಲೇ ನಿಂತಳು. ತಂಬಿಗೆಯನ್ನು ಮೆಲ್ಲಗೆ ಸೆರಗಿನ ಮರೆಗೆ ಸರಿಸಿದಳು. ಎಪ್ಪತ್ತರ ಹತ್ತಿರದ ಹೆಂಗಸು ಬೆಲ್ಲ ಕದ್ದ ಹುಡುಗಿಯ ಹಾಗೆ ಮಾಡಿದ್ದು ಅವಳಿಗೇ ನಾಚಿಕೆ ತಂದಿತು.

ಆ ಗಿಡ ರಾಯಬಾಗದ್ದು. ಸೊಸೆಯ ತಾಯಿ ಶೇವಂತಾ ತನ್ನ ಅಂಗಳದಲ್ಲಿ ಬೆಳೆಸಿದ್ದು. ಹೋದ ವೈಶಾಖದಲ್ಲಿ ಆಕೆ ತೀರಿಕೊಂಡ ಮೇಲೆ ಕೋಮಲ ತವರಿನಿಂದ ತಂದದ್ದು ಇದೊಂದೇ ಕುಂಡ. ಬಂಗಾರ ಕೇಳಲಿಲ್ಲ, ಸೀರೆ ಕೇಳಲಿಲ್ಲ. ದಿನಾ ಬೆಳಿಗ್ಗೆ ಅದರ ಜೊತೆ ಎರಡು ಮಾತಾಡಿಯೇ ಚಹಾಕ್ಕೆ ಇಡುತ್ತಿದ್ದಳು.

ಜೈನರ ಆ ಮನೆಯಲ್ಲಿ ಬಟ್ಟೆಯಲ್ಲಿ ಸೋಸದ ನೀರನ್ನು ಯಾರೂ ಕುಡಿಯರು. ಸೋಸಿದ ಮೇಲೆ ಬಟ್ಟೆಯನ್ನು ತಿರುವಿ ಜಾಲಾಡಿಸಿ, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಬಂದ ಬಾವಿಗೇ ಮರಳಿ ಬಿಡಬೇಕು. ನೀರು ಬರಲು ಬಾವಿಯಿಂದ ಪೈಪಿದೆ. ಜೀವಗಳು ಹಿಂದಿರುಗಲು ಪೈಪಿಲ್ಲ, ತಾರಾಬಾಯಿಯೇ ಕಬ್ಬಿನಾಚೆ ನಡೆಯಬೇಕು. ಈ ಮಳೆಗಾಲದಲ್ಲಿ ಮೊಣಕಾಲು ಒಲ್ಲೆನೆಂದಿತು. ಬಟ್ಟೆ ಜಾಲಾಡಿಸಿದ ನೀರನ್ನು ಗಟಾರಕ್ಕೆ ಚೆಲ್ಲಲು ಮನಸ್ಸಾಗಲಿಲ್ಲ. ತಂಪಾದ ಜಾಗವೆಂದು ಸೊಸೆಯ ಕುಂಡಕ್ಕೆ ಬೆಳಿಗ್ಗೆ ಒಂದು ತಂಬಿಗೆ, ಸಂಜೆ ಒಂದು ತಂಬಿಗೆ ಸುರಿದಳು. ಜೀವವೂ ಉಳಿಯಿತು, ಗಿಡವೂ ಕುಡಿಯಿತು ಎಂದು ಒಳಗೊಳಗೇ ಹಿಗ್ಗಿದ್ದಳು ಬೇರೆ.

"ಆ ಒಂದ ಎಲಿ ಗಟ್ಟಿ ಐತೆಲ್ಲ?" ಎಂದಳು ತಾರಾಬಾಯಿ.

"ಐತ್ರಿ. ಅದನ್ನ ಕೊಯ್ದು, ಬೆನ್ನಿನ ನರ ಅಲ್ಲಲ್ಲಿ ಕತ್ತರಿಸಿ, ಹಸಿ ಉಸುಕಿನ ಮ್ಯಾಲ ಮಲಗಿಸಿದ್ರ ಚಿಗೀತೈತ್ರಿ. ಅವ್ವ ಹಂಗ ಮಾಡ್ತಿದ್ಳು." ಕೋಮಲ ಮುಖ ತಿರುಗಿಸಿದಳು. "ಆದ್ರ ಪರ್ವ ಮುಗಿಯೂ ತನಕ ಇದು ಉಳಿಯೂದಿಲ್ಲ. ಹೋಗ್ಲಿ ಬಿಡ್ರಿ."

ದಶಲಕ್ಷಣ ಪರ್ವದ ಐದನೆಯ ದಿನವದು. ಹತ್ತೂ ದಿನ ಹಸಿರೆಲೆ ಕೊಯ್ಯುವಂತಿಲ್ಲ. ಅಡುಗೆಮನೆಯಲ್ಲಿ ಕೊತ್ತಂಬರಿಗೂ ರಜೆ. ತಾರಾಬಾಯಿ ಬೋರಗಾಂವಕ್ಕೆ ಮದುವೆಯಾಗಿ ಬಂದು ಐವತ್ತು ವರ್ಷ, ಒಂದು ಸಲವೂ ತಪ್ಪಿರಲಿಲ್ಲ. ಕೋಮಲ ಈ ವರ್ಷವೇ ಮೊದಲ ಸಲ ಅತ್ತೆಯ ಜೊತೆ ಆ ವ್ರತ ಹಿಡಿದಿದ್ದಳು.

ತಾರಾಬಾಯಿ ಒಳಗೆ ಹೋಗಿ ಮಗನ ಗಡ್ಡದ ಬ್ಲೇಡು ತಂದಳು. ಮರೆಮಾಡಿದ್ದ ತಂಬಿಗೆಯನ್ನು ಸೊಸೆಯ ಮುಂದೆ ಇಟ್ಟಳು.

"ನೀರ ಹಾಕಿದಾಕಿ ನಾನು. ದಿನಾ ಎರಡ ತಂಬಿಗಿ, ಸೋಸಿದ ಬಟ್ಟೀದು. ಬಾವಿ ತನಕ ನಡಿಯಾಕ ಬ್ಯಾಸತ್ತು... ಸಣ್ಣ ಜೀವ ಉಳಸಾಕ ಹೋಗಿ ನಿಮ್ಮವ್ವನ ಗಿಡ ಕೊಂದೀನಿ."

ಕೋಮಲ ಕೈಯಲ್ಲಿದ್ದ ದಂಟನ್ನು ಮೆಲ್ಲಗೆ ಕುಂಡದ ಮೇಲೆ ಮಲಗಿಸಿದಳು. ಪಕ್ಕದ ಮನೆಯ ಪವರ್‌ಲೂಮ್ ಖಟಖಟ ಎನ್ನುತ್ತಿತ್ತು. ಅವಳು ಬೈದಿದ್ದರೆ ತಾರಾಬಾಯಿಗೆ ಎಷ್ಟೋ ಹಗುರಾಗುತ್ತಿತ್ತು.

"ಯಾವ ನರ, ತೋರ್ಸು."

"ಬ್ಯಾಡ್ರಿ ಅತ್ತ್ಯಾರ! ಐವತ್ತ ವರ್ಷದ ವ್ರತ ನಿಮ್ಮದು. ಬೇಕಾದ್ರ ನಾ ಕೊಯ್ತೀನಿ."

"ಹುಚ್ಚಿ, ನಿಂದಿದು ಮೊದಲನೇ ವರ್ಷ. ಮೊದಲ ತುತ್ತಿನ್ಯಾಗ ಕಲ್ಲು ಬ್ಯಾಡ. ಪಾಪ ನನಗಿರ್ಲಿ. ನೀ ಬರೇ ತೋರ್ಸು."

ಕೋಮಲಳ ಬೆರಳು ತೋರಿಸಿದಲ್ಲಿ ತಾರಾಬಾಯಿ ಣಮೋಕಾರ ಮಂತ್ರ ಹೇಳಿಕೊಳ್ಳುತ್ತ ಕೊಯ್ದಳು. ಕೋಮಲ ಅದನ್ನು ಹಸಿ ಉಸುಕಿನ ಮೇಲೆ ಮಲಗಿಸಿದಳು. ಮರುದಿನ ನೀರನ್ನೂ ಮುಟ್ಟದೆ ಉಪವಾಸವಿದ್ದಳು. ಸಂಜೆ ಮೊಣಕಾಲಿಗೆ ಪಟ್ಟಿ ಬಿಗಿದು ಬಾವಿಯ ಕಡೆ ಕುಂಟುತ್ತ ಹೊರಟಾಗ, ಹಿಂದಿನಿಂದ ಯಾರೋ ತಂಬಿಗೆ ಇಸಿದುಕೊಂಡರು. ತಿರುಗಿ ನೋಡಿದರೆ ಕೋಮಲ. ಇಬ್ಬರೂ ಕಬ್ಬಿನ ಬದಿಗುಂಟ ನಡೆದರು.

ದೀಪಾವಳಿಯ ಹೊತ್ತಿಗೆ ಎಲೆ ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಆದರೆ ಬ್ಲೇಡು ತಾಗಿದ್ದ ಒಂದೊಂದು ಗಾಯದಲ್ಲೂ ಕಿರುಬೆರಳಿನ ಉಗುರಿನಷ್ಟು ಗಿಡ ಎದ್ದಿತ್ತು, ಬೆಳ್ಳಿ ಪಟ್ಟೆಯ ಸಮೇತ. ತಾರಾಬಾಯಿ ಕನ್ನಡಕ ಏರಿಸಿ ಎಣಿಸಿದಳು: ಐದು. ಕೋಮಲ ನಗುತ್ತಲೇ ಅಳುತ್ತಿದ್ದಳು.

ಚಾತುರ್ಮಾಸಕ್ಕೆಂದು ಬಸದಿಯಲ್ಲಿ ಉಳಿದಿದ್ದ ಮುನಿ ಮಹಾರಾಜರು ಮರುದಿನ ಊರು ಬಿಡುವವರಿದ್ದರು. ವ್ರತ ಮುರಿದದ್ದನ್ನು ಅವರ ಮುಂದೆ ಹೇಳಿಕೊಳ್ಳುವುದು ಬಾಕಿಯಿತ್ತು. ತಾರಾಬಾಯಿ ಬಾಗಿಲ ತನಕ ಹೋದವಳು ತಿರುಗಿ ಬಂದು ಸೊಸೆಯನ್ನು ಕೇಳಿದಳು:

"ಮಹಾರಾಜರ ಮುಂದ ಏನಂತ ಹೇಳ್ಲೇ ಕೋಮಲಾ? ಒಂದ ಎಲಿ ಕೊಯ್ದೀನಿ ಅಂತ ಹೇಳ್ಲೋ, ಐದ ಕೂಸಿನ ಬಾಣಂತನ ಮಾಡೀನಿ ಅಂತ ಹೇಳ್ಲೋ?"