ಬಲ ಮುಂದಿನ ಹಲಗೆ

ಹಲಗೆ ಸಿಕ್ಕಿದ್ದು ಉಗ್ರಾಣದಲ್ಲಿ, ಸೈಕಲ್ಲುಗಳ ಹಿಂದೆ, ಹಳೆಯ ಟವೆಲಿನ ಒಳಗೆ. ಪ್ರಭುದೇವ ಹುಡುಕುತ್ತಿದ್ದದ್ದು ಗಾಳಿ ಹೊಡೆಯುವ ಪಂಪು.

ಟವೆಲು ಬಿಚ್ಚಿದ. ತೋಳುದ್ದದ ಓಕ್ ಹಲಗೆ. ಎಣ್ಣೆ ಕುಡಿದು ಮಿರುಗುತ್ತಿತ್ತು. ಮೇಲಂಚಿಗೆ ಎರಡು ಹಿತ್ತಾಳೆ ಉಂಗುರ. ನಡುವೆ, ಉಳಿಯಿಂದ ಕೆತ್ತಿದ ಎರಡು ಇಂಗ್ಲಿಷ್ ಅಕ್ಷರ: ಆರ್, ವಿ.

ವಿ ಯಾರೆಂದು ಅವನಿಗೆ ಗೊತ್ತಿತ್ತು. ಹನ್ನೊಂದು ವರ್ಷದಿಂದ ಅವನ ಹೆಂಡತಿ, ವೈಷ್ಣವಿ. ಆರ್ ಯಾರೆಂದೂ ಗೊತ್ತಿತ್ತು.

ರೂಡ್. ಟಿಲ್‌ಬರ್ಗ್ ಎಂಬ ಡಚ್ ಊರಿನ ಹೊರಗೆ ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಹಳೆಯ ವಾಹನಗಳನ್ನು ರಿಪೇರಿ ಮಾಡುವವನು. ಒಬ್ಬಂಟಿ. ಇಂಗ್ಲಿಷ್ ಕಿವಿಗೆ ಒರಟ ಅನ್ನಿಸುವ ರೂಡ್ ಎಂಬ ಹೆಸರಿಟ್ಟುಕೊಂಡೂ ಅಷ್ಟು ನಯವಾಗಿ ಮಾತಾಡುವವರನ್ನು ನಂಬಬಾರದು ಎಂದು ಪ್ರಭುದೇವನಿಗೆ ಮೊದಲ ದಿನವೇ ಅನ್ನಿಸಿತ್ತು.

ಕಳೆದ ವರ್ಷ ವೈಷ್ಣವಿ ೧೯೫೬ರ ಪಿಕಪ್ ಟ್ರಕ್ಕೊಂದನ್ನು ಕೊಂಡಾಗ ಇಂಜಿನ್ ಚೆನ್ನಾಗಿಯೇ ಇತ್ತು. ಸಾಮಾನು ಹೇರುವ ಹಿಂದಿನ ಬಾಡಿ ಮಾತ್ರ ಪೂರ್ತಿ ಕೊಳೆತಿತ್ತು. ಹೊಸ ಬಾಡಿ ಕಟ್ಟಲು ರೂಡ್ ಒಪ್ಪಿದ. ಒಂದೇ ಷರತ್ತು: ಅವಳೂ ಜೊತೆಗೆ ಕೆಲಸ ಮಾಡಬೇಕು. ಅಂದಿನಿಂದ ಪ್ರತಿ ಶನಿವಾರ ಅವಳು ಅಲ್ಲೇ.

ಪ್ರಭುದೇವ ಒಮ್ಮೆ ಹೋಗಿದ್ದ. ಅವರಿಬ್ಬರೂ ಡಚ್ಚಿನಲ್ಲಿ ಏನೋ ಹೇಳಿಕೊಂಡು ನಕ್ಕರು. ಅವನೂ ನಕ್ಕ, ಏನೂ ತಿಳಿಯದೆ. ಈ ದೇಶಕ್ಕೆ ಬಂದ ಒಂಬತ್ತು ವರ್ಷ ಅವನಿಗೆ ಆಫೀಸಿನ ಇಂಗ್ಲಿಷು, ಮನೆಯ ಧಾರವಾಡ ಕನ್ನಡ ಸಾಕಾಗಿದ್ದವು. ಅವತ್ತು ಸಾಲದಾದವು. ಆಮೇಲಿನ ಪ್ರತಿ ಶನಿವಾರವೂ ಅವನು ಆ ನಗುವನ್ನು ಮತ್ತೆ ಮತ್ತೆ ನೆನೆದು ಅರ್ಥ ಹುಡುಕುತ್ತಿದ್ದ.

ವೈಷ್ಣವಿ ಸಂಜೆ ಬಂದಾಗ ಹಲಗೆ ಊಟದ ಮೇಜಿನ ಮೇಲಿತ್ತು.

"ಏನಿದು?" ಅಂದ ಪ್ರಭುದೇವ.

ಅವಳು ಹಲಗೆ ನೋಡಿದಳು. ಅವನ ಮುಖ ನೋಡಿದಳು. ಆಮೇಲೆ ನಕ್ಕಳು.

"ಟ್ರಕ್ಕಿಗೆ ತಂದ ಓಕ್ ಅದು. ನೀ ಏನ್ ತಿಳ್ಕೊಂಡಿ?"

"ಆರ್, ವಿ ಅಂತ ಕೆತ್ತೀರಿ. ರೂಡ್, ವೈಷ್ಣವಿ. ಅಷ್ಟ್ ಓದಾಕ ನನಗೂ ಬರ್ತದ."

"ಡಚ್ ಕಲಿ, ಡಚ್ ಕಲಿ ಅಂತ ಬಡ್ಕೊಂಡೆ, ಕೇಳಲಿಲ್ಲ. ಟ್ರಕ್ಕಿನ ಬಾಡಿಗೆ ಎಡಕ್ಕೆರಡು, ಬಲಕ್ಕೆರಡು, ನಾಕ್ ಹಲಗಿ ಬರ್ತಾವ. ಯಾವುದು ಎಲ್ಲಿ ಅಂತ ಗುರ್ತು ಬ್ಯಾಡೇನು? ಎಲ್ ಅಂದ್ರ ಎಡ, ಎ ಅಂದ್ರ ಹಿಂದ. ಆರ್, ವಿ: ರೆಖ್ಟ್ಸ್, ಫೋರ್. ವಿ ಬರದು ಫ ಅಂತಾರ ಇವರು. ಬಲಕ್ಕ, ಮುಂದ. ಅದು ಕೂಡೋ ಜಾಗಾ."

"ಮತ್ತ ಈ ಉಂಗುರ?"

"ತೂಗ್ ಹಾಕಾಕ. ಎಣ್ಣಿ ಆರಬೇಕಲ್ಲ."

ಅವನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ನೋಡಿದ. ರೆಖ್ಟ್ಸ್: ಬಲ. ಫೋರ್: ಮುಂದೆ. ಕನ್ನಡಿಯಲ್ಲಿದ್ದವನ ಮುಖ ನೋಡಲಾಗಲಿಲ್ಲ. ಹೊರಗೆ ಬಂದು, "ತಪ್ಪಾತು," ಅಂದ.

"ಇರ್ಲಿ ಬಿಡು," ಎಂದಳು ಅವಳು, ಹಲಗೆಯನ್ನು ಮತ್ತೆ ಟವೆಲಿನಲ್ಲಿ ಸುತ್ತುತ್ತ. "ನೀ ಮಾತ್ರ ಇದನ್ನ ಮುಟ್ಟಬ್ಯಾಡ. ಶನಿವಾರ ನಾನೇ ಒಯ್ತೀನಿ."

ತಪ್ಪಾತು ಅಂದರೆ ತಪ್ಪು ತೀರುವುದಿಲ್ಲ. ಶುಕ್ರವಾರ ಪ್ರಭುದೇವ ಅರ್ಧ ದಿನ ರಜೆ ಹಾಕಿದ. ಹಲಗೆಯನ್ನು ಬೆನ್ನಿಗೆ ಕಟ್ಟಿಕೊಂಡು ಹನ್ನೆರಡು ಕಿಲೋಮೀಟರು ಸೈಕಲ್ ತುಳಿದ. ತಾನೇ ಅದನ್ನು ಜಾಗಕ್ಕೆ ಕೂರಿಸಬೇಕು. ನಾಳೆ ವೈಷ್ಣವಿ ಬಂದು ನೋಡಬೇಕು. ದಾರಿಯುದ್ದಕ್ಕೂ ಒಂದು ಡಚ್ ವಾಕ್ಯ ಬಾಯಿಪಾಠ ಮಾಡಿದ: ಇಕ್ ಕಾನ್ ಹೆಲ್ಪೆನ್, ನಾನು ಸಹಾಯ ಮಾಡಬಲ್ಲೆ. ಮನೆಗಳ ಬಾಗಿಲ ಪಕ್ಕದಲ್ಲಿ ಗಂಡ-ಹೆಂಡಿರ ಹೆಸರಿನ ಫಲಕಗಳು ಹಿಂದೆ ಸರಿದವು. ನಮಗೂ ಒಂದಿರಲಿ ಎಂದು ವೈಷ್ಣವಿ ಎಷ್ಟು ಸಲ ಕೇಳಿದ್ದಳು! ಬಾಡಿಗೆ ಮನೆಗೆ ಯಾಕ ಅಂದಿದ್ದ. ಈಗ ರೂಡ್‌ಗೇ ಹೇಳಿ ಮಾಡಿಸಿದರಾಯಿತು.

ಟ್ರಕ್ಕು ಅಂಗಳದಲ್ಲಿ ನಿಂತಿತ್ತು. ನೀಲಿ ಬಣ್ಣ, ಹೊಸ ಓಕ್. ಅವನು ಬಲಕ್ಕೆ, ಮುಂದೆ, ಖಾಲಿ ಜಾಗ ಹುಡುಕಿದ.

ಖಾಲಿ ಜಾಗ ಇರಲಿಲ್ಲ.

ಸುತ್ತು ಬಂದು ಎಣಿಸಿದ. ನಾಲ್ಕೂ ಇದ್ದವು, ಆಳುದ್ದದವು, ಬೋಲ್ಟು ಬಿಗಿದು. ಒಳಮೈಯಲ್ಲಿ ಪೆನ್ಸಿಲ್ಲಿನ ಗುರುತು. ಎಲ್ ವಿ. ಎಲ್ ಎ. ಆರ್ ಎ. ಕೊನೆಯದು ಆರ್ ವಿ. ಯಾವುದಕ್ಕೂ ಉಂಗುರ ಇರಲಿಲ್ಲ.

ರೂಡ್ ಕಾಫಿ ಮಗ್ಗು ಹಿಡಿದು ಶೆಡ್ಡಿನಿಂದ ಬಂದವನು, ಪ್ರಭುದೇವನ ಕೈಯಲ್ಲಿದ್ದುದನ್ನು ಕಂಡು ನಿಂತುಬಿಟ್ಟ.

ಬಾಯಿಪಾಠದ ವಾಕ್ಯ ಮರೆತುಹೋಗಿತ್ತು. ಉಳಿದಿದ್ದ ಡಚ್ಚು ಎರಡೇ ಪದ. "ರೆಖ್ಟ್ಸ್? ಫೋರ್?" ಎಂದು ಕೇಳಿದ.

ರೂಡ್‌ನ ಕಣ್ಣು, ಒಂದು ಕ್ಷಣ, ಪಕ್ಕದ ತನ್ನ ಮನೆಯ ಕಡೆ ಸರಿದು ಬಂತು.

ಮುಂಬಾಗಿಲಿಗೆ ಹೊಸ ಬಣ್ಣ. ಅದರ ಬಲಗಡೆ ಗೋಡೆಯಲ್ಲಿ, ಇನ್ನೂ ಹೊಳೆಯುವ ಎರಡು ಮೊಳೆ. ಪ್ರಭುದೇವ ನಡೆದುಹೋಗಿ ಹಲಗೆಯನ್ನು ಎತ್ತಿ ಹಿಡಿದ. ಉಂಗುರಗಳೆರಡೂ ಮೊಳೆಗಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತವು.

ವೈಷ್ಣವಿ ಸುಳ್ಳು ಹೇಳಿರಲಿಲ್ಲ. ಬಲಕ್ಕೆ, ಮುಂದೆ.